ಕೊಪ್ಪಳ ಸೀಮೆಯ ಸರ್ಕಾರಿ ಕಾಲೇಜಿಗೆ ಹೊಸದಾಗಿ ಬರುವವರಿಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಈ ವರ್ಷ ಪಾಠ ಮಾಡಲು ಬರುತ್ತಿರುವ ಗೆಳೆಯ ಗೆಳತಿಯರೇ,



ನಿಮ್ಮಲ್ಲಿ ಎರಡು ಬಗೆಯವರಿದ್ದೀರಿ. ಕೆಇಎ ಪರೀಕ್ಷೆ ಬರೆದು, ಆಯ್ಕೆ ಪಟ್ಟಿ, ತಕರಾರು, ಕೋರ್ಟು ಎಂದು ವರ್ಷಗಟ್ಟಲೆ ಕಾದು, ಕೊನೆಗೂ ಸಹಾಯಕ ಪ್ರಾಧ್ಯಾಪಕರೆಂಬ ಆದೇಶ ಹಿಡಿದು ಬಂದವರು ಒಂದು ಬಗೆ. ಆನ್‌ಲೈನ್ ಕೌನ್ಸೆಲಿಂಗ್‌ಗೆ ಅರ್ಜಿ ಹಾಕಿ, ಯಾವ ಕಾಲೇಜಿನಲ್ಲಿ ಎಷ್ಟು ತಾಸು ಕಾರ್ಯಭಾರ ಉಳಿದಿದೆ ಎಂದು ನೋಡಿ, ಸಿಕ್ಕಿದ್ದನ್ನು ಆರಿಸಿಕೊಂಡು ಅತಿಥಿ ಉಪನ್ಯಾಸಕರಾಗಿ ಬರುವವರು ಇನ್ನೊಂದು ಬಗೆ. ನಾನು ಎರಡನೆಯ ಸಾಲಿನವನು. ಈ ಜಿಲ್ಲೆಯಲ್ಲೇ ಹುಟ್ಟಿ, ಇಲ್ಲಿಯ ಸರ್ಕಾರಿ ಕಾಲೇಜಿನಲ್ಲೇ ಓದಿ, ಈಗ ಅಂಥದ್ದೇ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತೇನೆ.

ಹೊಸಬರು ಸ್ಟಾಫ್ ರೂಮಿನಲ್ಲಿ ಮೊದಲು ಕೇಳುವ ಪ್ರಶ್ನೆ ನಮಗೆಲ್ಲ ಬಾಯಿಪಾಠ: "ಇಲ್ಲಿಂದ ಟ್ರಾನ್ಸ್‌ಫರ್‌ಗೆ ಎಷ್ಟು ವರ್ಷ ಆಗಬೇಕು?" ಕೇಳುವುದರಲ್ಲಿ ತಪ್ಪೇನಿಲ್ಲ. ಹೆಂಡತಿಯ ನೌಕರಿ ಮೈಸೂರಿನಲ್ಲಿ, ವಯಸ್ಸಾದ ತಂದೆ ತಾಯಿ ತುಮಕೂರಿನಲ್ಲಿ ಎಂದರೆ ಯಾರ ಮನಸ್ಸಾದರೂ ಊರಿನ ಕಡೆ ಎಳೆಯುತ್ತದೆ. ಆದರೆ ಹೊರಡುವ ದಿನ ಎಣಿಸುವ ಮೊದಲು, ಬಂದ ಜಾಗ ಎಂಥದ್ದು ಎಂದು ಸ್ವಲ್ಪ ತಿಳಿದುಕೊಳ್ಳಿ. ಈ ಮಾತುಗಳನ್ನು ಸ್ಟಾಫ್ ರೂಮಿನಲ್ಲೇ ಹೇಳಬಹುದಿತ್ತು. ಪ್ರಾಂಶುಪಾಲರು, ವಿಶ್ವವಿದ್ಯಾಲಯದವರು, ವಿದ್ಯಾರ್ಥಿಗಳ ಮನೆಯವರು ಎಲ್ಲರೂ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ದುಡಿಯುವವರಿಗಾಗಿಯೇ ಕಾಲೇಜು ಕಟ್ಟಿದ ಉದಾಹರಣೆಗಳು ಜಗತ್ತಿನಲ್ಲಿವೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ರಸ್ಕಿನ್ ಕಾಲೇಜು 1899ರಲ್ಲೇ ಶುರುವಾಯಿತು. ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯ 2018ರಲ್ಲಿ ಕಾರ್ಮಿಕ ಮತ್ತು ನಗರ ಅಧ್ಯಯನಕ್ಕೆಂದೇ ಪ್ರತ್ಯೇಕ ಕಾಲೇಜು ತೆರೆಯಿತು. ನಮ್ಮ ಕಾಲೇಜುಗಳ ಗೇಟಿನ ಮೇಲೆ ಅಂಥ ಹೆಸರಿಲ್ಲ. ಸಿಲೆಬಸ್ಸಿನಲ್ಲಿ ಕಾರ್ಮಿಕರ ವಿಷಯ ಒಂದೆರಡು ಘಟಕಕ್ಕೆ ಮುಗಿದುಹೋಗುತ್ತದೆ. ಆದರೆ ಬೆಂಚಿನ ಮೇಲೆ ಕೂತವರನ್ನು ನೋಡಿದರೆ ಈ ಸೀಮೆಯ ಪ್ರತಿ ಸರ್ಕಾರಿ ಕಾಲೇಜೂ ದುಡಿಯುವವರ ಕಾಲೇಜೇ. ಕೂಲಿಕಾರರ ಮಕ್ಕಳು ಓದುತ್ತಾರೆ ಎಂದಷ್ಟೇ ನಾನು ಹೇಳುತ್ತಿಲ್ಲ. ಆ ಮಕ್ಕಳೇ ಕೂಲಿ ಮಾಡುತ್ತಾರೆ, ಸೆಮಿಸ್ಟರ್ ನಡೆಯುತ್ತಿರುವಾಗಲೇ ಮಾಡುತ್ತಾರೆ.

ನಿಮ್ಮ ಆದೇಶದಲ್ಲಿ ಇರುವುದು ಒಂದೇ ಜಿಲ್ಲೆಯ ಹೆಸರು. ದುಡಿಮೆಯ ಲೆಕ್ಕದಲ್ಲಿ ಅದು ಮೂರು ನಾಡು. ಗಂಗಾವತಿ, ಕಾರಟಗಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ: ನಾಟಿ ಹಚ್ಚುವುದು, ಕಳೆ ತೆಗೆಯುವುದು, ರೈಸ್ ಮಿಲ್ಲಿನಲ್ಲಿ ಹಮಾಲಿ. ಕೊಪ್ಪಳದ ಸುತ್ತ ಗಿಣಿಗೇರಾ, ಹಿರೇಬಗನಾಳ, ಅಲ್ಲಾನಗರದ ಕಡೆ ಕಬ್ಬಿಣ, ಉಕ್ಕಿನ ಕಾರ್ಖಾನೆಗಳು; ಮಗ್ಗುಲಲ್ಲೇ ಭಾಗ್ಯನಗರದ ಮಗ್ಗ ಮತ್ತು ಕೂದಲಿನ ಉದ್ಯಮ, ಕಿನ್ನಾಳದ ಬಣ್ಣದ ಗೊಂಬೆ. ಕುಷ್ಟಗಿ, ಯಲಬುರ್ಗಾ ಬಹುಪಾಲು ಮಳೆ ನಂಬಿದ ಹೊಲಗಳು. ಮಳೆ ಕೈಕೊಟ್ಟರೆ ಬೆಂಗಳೂರು, ಮಂಗಳೂರು, ಗೋವಾಕ್ಕೆ ಗುಳೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಕುಷ್ಟಗಿ, ಯಲಬುರ್ಗಾ ಎರಡೂ ಆ ಪಟ್ಟಿಯಲ್ಲಿವೆ. ಕುಷ್ಟಗಿಯ ಜನ ತಮ್ಮೂರಿನ ನಿಲ್ದಾಣದಲ್ಲಿ ರೈಲು ಹತ್ತಿದ್ದೇ 2025ರ ಮೇ ತಿಂಗಳಲ್ಲಿ.

ಈ ದುಡಿಮೆ ನಿಮ್ಮ ತರಗತಿಯೊಳಗೆ ಹೇಗೆ ಬರುತ್ತದೆ ಎಂದು ಒಂದೇ ಒಂದು ಕೆಲಸದಿಂದ ತೋರಿಸುತ್ತೇನೆ. ಮಳೆಗಾಲ ಹಿಂದಾಗುವ ಹೊತ್ತಿಗೆ ಕುಷ್ಟಗಿ ಕಡೆಯ ಹುಡುಗಿಯೊಬ್ಬಳು ಬಂದು, "ಸರ್, ಮುಂದಿನ ವಾರ ಬರಾಂಗಿಲ್ರಿ, ಕ್ರಾಸಿಂಗ್ ಐತ್ರಿ" ಎನ್ನುತ್ತಾಳೆ. ಹೈಬ್ರಿಡ್ ಹತ್ತಿಯ ಬೀಜ ಮಾಡುವ ಹೊಲದ ಕೆಲಸವದು. ಹತ್ತಿಯ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಒಟ್ಟಿಗೇ ಇರುತ್ತವೆ. ಆದ್ದರಿಂದ ಸಂಜೆ ಹೊತ್ತು ಹೆಣ್ಣು ಸಾಲಿಗೆ ಹೋಗಿ, ನಾಳೆ ಅರಳಲಿರುವ ಮೊಗ್ಗು ಹುಡುಕಿ, ಹೆಬ್ಬೆರಳಿನ ಉಗುರಿನಿಂದ ದಳವನ್ನೂ ಕೇಸರವನ್ನೂ ಸುತ್ತಲಿಂದ ಬಿಡಿಸಿ ತೆಗೆಯಬೇಕು. ನಡುವಿನ ಶಲಾಕೆಗೆ ಉಗುರು ತಾಗಿದರೆ ಕಾಯಿ ಹೋಯಿತು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ಕಿತ್ತು ತಂದು, ಅದರ ಪರಾಗವನ್ನು ಆ ಶಲಾಕೆಯ ತುದಿಗೆ ಸವರಿ, ಗುರುತು ಕಟ್ಟಬೇಕು. ಬಿಸಿಲು ಏರಿದ ಮೇಲೆ ಪರಾಗ ಉಪಯೋಗಕ್ಕೆ ಬಾರದು. ಹಾಗಾಗಿ ಕೆಲಸದ ಹೊತ್ತು ಬೆಳಿಗ್ಗೆ ಸುಮಾರು ಒಂಬತ್ತರಿಂದ ಹನ್ನೊಂದು ಹನ್ನೊಂದೂವರೆ, ಮತ್ತೆ ಮಧ್ಯಾಹ್ನ ಮೂರರಿಂದ ಕತ್ತಲಾಗುವವರೆಗೆ. ಒಂದು ದಿನ ತಪ್ಪಿಸಿದರೆ ಆ ದಿನದ ಹೂವೆಲ್ಲ ದಂಡ. ಕೆಲವು ಮನೆಯವರು ಹಂಗಾಮಿನ ಮೊದಲೇ ಮುಂಗಡ ಪಡೆದಿರುತ್ತಾರೆ. ಮಗಳು ಪರೀಕ್ಷೆಗೆ ಓದಬೇಕು ಎಂದರೆ ಮುಂಗಡ ಕೊಟ್ಟವರು ಕೇಳುವುದಿಲ್ಲ.

ನಮ್ಮ ಟೈಂಟೇಬಲ್ ತೆಗೆದು ಇದರ ಪಕ್ಕ ಇಡಿ. ಹತ್ತು ಗಂಟೆಗೆ ಮೊದಲ ತರಗತಿ. ಹೊಲದ ಗಂಟೆಯೂ ಕಾಲೇಜಿನ ಗಂಟೆಯೂ ಒಂದರ ಮೇಲೊಂದು ಕೂತಿವೆ. ಹಾಜರಿ ಪುಸ್ತಕದಲ್ಲಿ ಆ ಹುಡುಗಿಯ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ ಬೀಳುತ್ತದೆ. ಶೇ 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ ಎಂಬ ನಿಯಮ ಓದಿ ಹೇಳುವುದು ನಮ್ಮ ಕೆಲಸ. ಹೊಸಬರು ಆ ಗೈರುಹಾಜರಿಯನ್ನು ಸೋಮಾರಿತನ ಎಂದುಕೊಳ್ಳುತ್ತಾರೆ, ಅಪ್ಪನನ್ನು ಕರೆದುಕೊಂಡು ಬಾ ಎನ್ನುತ್ತಾರೆ. ಅಪ್ಪ ಗೋವಾದಲ್ಲಿ ಸೆಂಟ್ರಿಂಗ್ ಕೆಲಸದಲ್ಲಿರುತ್ತಾನೆ.

ಗಂಗಾವತಿಯಲ್ಲಿ ಇದೇ ಕಥೆಗೆ ಬೇರೆ ತಿಂಗಳು. ಕಾಲುವೆಗೆ ನೀರು ಬಿಟ್ಟ ಮೇಲೆ ನಾಟಿಯ ವಾರಗಳಲ್ಲಿ ಹಿಂದಿನ ಬೆಂಚು ಖಾಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಕೊಚ್ಚಿಹೋದಾಗ ಪತ್ರಿಕೆಗಳು ಎಷ್ಟು ಟಿಎಂಸಿ ನೀರು ಹೋಯಿತು ಎಂದು ಲೆಕ್ಕ ಕೊಟ್ಟವು. ಎರಡನೇ ಬೆಳೆ ಕೈತಪ್ಪಿದರೆ ಎಷ್ಟು ಜನರ ಪರೀಕ್ಷಾ ಶುಲ್ಕ ಕೈತಪ್ಪುತ್ತದೆ ಎಂಬುದು ಹಿಂದಿನ ಬೆಂಚಿನ ಲೆಕ್ಕ. ಕೊಪ್ಪಳದಲ್ಲಿ ರಾತ್ರಿ ಪಾಳಿ ಮುಗಿಸಿ, ಮುಖ ತೊಳೆದು, ನೇರ ತರಗತಿಗೆ ಬಂದು ಕೂರುವ ಹುಡುಗರಿದ್ದಾರೆ. ನಿಮ್ಮ ಪಾಠದ ನಡುವೆ ತೂಕಡಿಸುವವನನ್ನು ಎಬ್ಬಿಸಿ ಹೊರಗೆ ಕಳಿಸುವ ಮುನ್ನ ರಾತ್ರಿ ಎಲ್ಲಿದ್ದ ಎಂದು ಕೇಳಿ.

ಹಾಗಂತ ಕನಿಕರ ತೋರಿಸಿ, ಹಾಜರಿ ಹಾಕಿ, ಹೇಗೋ ಪಾಸು ಮಾಡಿ ಕಳಿಸಿ ಎನ್ನುತ್ತಿಲ್ಲ. ನಾವು ಮಾಡಬಹುದಾದ ದೊಡ್ಡ ಅನ್ಯಾಯ ಅದೇ. ಪಾಠ ಕೇಳದೆ ಪಡೆದ ಡಿಗ್ರಿಯನ್ನು ಹಿಡಿದು ಆ ಹುಡುಗಿ ಹೋಗುವುದಾದರೂ ಎಲ್ಲಿಗೆ? ಕ್ರಾಸಿಂಗ್ ವಾರಗಳಲ್ಲಿ ಹನ್ನೆರಡೂವರೆಯಿಂದ ಎರಡೂವರೆಯವರೆಗೆ ಬಿಡುವಿರುತ್ತದೆ. ಹತ್ತಿರದ ಊರಿನವರಿಗೆ, ಬಸ್ ಅನುಕೂಲ ಇರುವವರಿಗೆ ಅದೇ ಹೊತ್ತಿನಲ್ಲಿ ಬಿಟ್ಟುಹೋದ ಘಟಕವನ್ನು ಮತ್ತೊಮ್ಮೆ ಮಾಡಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ. ಉಳಿದಿರುವುದು ಆ ಹೊತ್ತಿಗೆ ಆ ಊರಿಗೆ ಬಸ್ ಇದೆಯೇ ಎಂಬ ಪ್ರಶ್ನೆ. ಅದಕ್ಕೆ ಡಿಪೊ ಮ್ಯಾನೇಜರಿಗೆ ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಒಂದು ಅರ್ಜಿ ಬರೆಯುವುದೂ ನಮ್ಮ ವೃತ್ತಿಯ ಭಾಗವೇ.

ಇನ್ನು ಏನನ್ನು ಕಲಿಸಬೇಕು? ಸಿಲೆಬಸ್ ಮೀರಬೇಕಿಲ್ಲ, ಅದರೊಳಗಿನ ಪಾಠಕ್ಕೆ ಈ ನೆಲದ ಕಾಗದಗಳನ್ನು ತಂದರೆ ಸಾಕು. ಕೂಲಿ ದರದ ಸಿದ್ಧಾಂತ ಹೇಳುವ ದಿನ, ಕಾರ್ಖಾನೆಗೆ ಹೋಗುವ ಹುಡುಗನಿಗೆ ಅವನ ಸಂಬಳದ ಚೀಟಿ ತರಲು ಹೇಳಿ. ಅದರಲ್ಲಿ ಮೂಲ ವೇತನ ಎಷ್ಟು, ತುಟ್ಟಿಭತ್ಯೆ ಎಷ್ಟು, ಪಿಎಫ್‌ಗೆ ಎಷ್ಟು ಮುರಿದುಕೊಂಡಿದ್ದಾರೆ, ಇಎಸ್‌ಐಗೆ ಎಷ್ಟು ಎಂದು ಬೋರ್ಡಿನ ಮೇಲೆ ಬರೆಯಿರಿ. ಮುರಿದುಕೊಂಡ ಹಣ ಖಾತೆಗೆ ಬಿದ್ದಿದೆಯೇ ಎಂದು ಯುಎಎನ್ ನಂಬರ್ ಹಾಕಿ ಅವನ ಮೊಬೈಲಿನಲ್ಲೇ ನೋಡಲು ಕಲಿಸಿ. ಚೀಟಿಯೇ ಕೊಡುವುದಿಲ್ಲ ಎಂದರೆ ಪಾಠ ಅಲ್ಲಿಂದಲೇ ಶುರು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸಕ್ಕೆ ಸೇರಿಸಿಕೊಂಡವರಿಗೆ ನೇಮಕ ಪತ್ರ ಕೊಡಬೇಕು, ನಿಗದಿತ ಅವಧಿಗೆ ದುಡಿಯುವವರಿಗೂ ಒಂದು ವರ್ಷಕ್ಕೇ ಗ್ರಾಚ್ಯುಟಿ ಎಂದು ಅವು ಹೇಳುತ್ತವೆ. ಮುಷ್ಕರ ಹೂಡುವುದು ಕಷ್ಟವಾಯಿತು ಎಂಬ ಕಾರ್ಮಿಕ ಸಂಘಟನೆಗಳ ವಿರೋಧವೂ ಇದೆ. ಎರಡನ್ನೂ ಮುಂದಿಡಿ, ವಾದ ಅವರೇ ಮಾಡಲಿ.

ಯಲಬುರ್ಗಾದಲ್ಲಿ ಪಾಠ ಮಾಡುವವರಿಗೆ ಉದ್ಯೋಗ ಖಾತ್ರಿಗಿಂತ ಒಳ್ಳೆಯ ಪಠ್ಯ ಇಲ್ಲ. 2005ರ ಕಾಯ್ದೆ 100 ದಿನದ ಕೆಲಸ ಎಂದಿತ್ತು. 2025–26ರಲ್ಲಿ ನಮ್ಮ ರಾಜ್ಯದಲ್ಲಿ ದಿನಗೂಲಿ 370 ರೂಪಾಯಿ ಇತ್ತು. 2025ರ ಡಿಸೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಹೊಸ ಕಾಯ್ದೆ 125 ದಿನ ಎನ್ನುತ್ತದೆ. ಜೊತೆಗೆ ಬಿತ್ತನೆ, ಕೊಯ್ಲಿನ ಕಾಲದಲ್ಲಿ 60 ದಿನ ಕೆಲಸ ನಿಲ್ಲಿಸಲು ಅವಕಾಶ ಕೊಡುತ್ತದೆ, ಖರ್ಚಿನಲ್ಲಿ ಶೇ 40ನ್ನು ರಾಜ್ಯದ ಮೇಲೆ ಹಾಕುತ್ತದೆ. ಒಣಬೇಸಾಯದ ತಾಲ್ಲೂಕಿನಲ್ಲಿ, ಮಳೆ ಬಾರದೆ ಬಿತ್ತನೆಯೇ ನಡೆಯದ ವರ್ಷ, ಆ 60 ದಿನ ಏನಾಗುತ್ತದೆ? ನಮ್ಮ ವಿದ್ಯಾರ್ಥಿಗಳು ಅಮ್ಮನನ್ನು ಕೇಳಿಕೊಂಡು ಬಂದು ಇದಕ್ಕೆ ಉತ್ತರ ಬರೆಯಬಲ್ಲರು. ಬೆಂಗಳೂರಿನ ದುಬಾರಿ ಕಾಲೇಜಿನ ಹುಡುಗರಿಗೆ ಅದಕ್ಕೆ ಫೀಲ್ಡ್‌ವರ್ಕ್ ಬೇಕು.

ಹಾಗೆಯೇ 2025ರ ಫೆಬ್ರುವರಿ 24ರಂದು ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡವೆಂದು ಕೊಪ್ಪಳ ಬಂದ್ ನಡೆಯಿತು. ಊರಿನ ಗವಿಮಠದ ಶ್ರೀಗಳೇ ಬೀದಿಗಿಳಿದರು. ನಿಮ್ಮ ತರಗತಿಯಲ್ಲಿ ಅಂಥ ಕಾರ್ಖಾನೆಯ ಕೂಲಿಯಿಂದ ಓದುತ್ತಿರುವವನೂ ಇದ್ದಾನೆ, ಅದರ ಕಪ್ಪು ದೂಳು ಮನೆಯ ನೀರಿನ ಕೊಡದ ಮೇಲೆ ಕೂರುವ ಊರಿನವಳೂ ಇದ್ದಾಳೆ. ಇಬ್ಬರೂ ಮಾತಾಡಲಿ. ನೀವು ತೀರ್ಪು ಕೊಡುವ ಅವಸರ ಮಾಡಬೇಡಿ.

ಈಗ ಹೇಳಲು ಕಷ್ಟವಾದ ವಿಷಯಕ್ಕೆ ಬರುತ್ತೇನೆ. ಗಂಗಾವತಿ ತಾಲ್ಲೂಕಿನ ಮರಕುಂಬಿಯ ಹೆಸರು ನೀವು ಕೇಳಿರುತ್ತೀರಿ. ಕ್ಷೌರದಂಗಡಿಗೆ, ಹೋಟೆಲಿಗೆ ದಲಿತರನ್ನು ಬಿಟ್ಟುಕೊಳ್ಳದ ವಿಚಾರ ಬೆಳೆದು, 2014ರ ಆಗಸ್ಟ್ 28ರಂದು ಅಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ನಂತರ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಶಿಕ್ಷೆ ಪ್ರಕಟಿಸಿತು: ತಪ್ಪಿತಸ್ಥರು 101 ಮಂದಿ, ಅವರಲ್ಲಿ 98 ಮಂದಿಗೆ ಜೀವಾವಧಿ. ಮೇಲ್ಮನವಿಯ ಹಂತದಲ್ಲಿ ಹೆಚ್ಚಿನವರಿಗೆ ಹೈಕೋರ್ಟ್ ಜಾಮೀನು ಕೊಟ್ಟಿತು. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ದಲಿತ ಕುಟುಂಬದ ಪುಟ್ಟ ಮಗು ಗುಡಿಯೊಳಗೆ ಕಾಲಿಟ್ಟಿತೆಂದು ಮನೆಯವರಿಗೆ ದಂಡ ಹೇಳಿದ ಸುದ್ದಿ ದೇಶವೆಲ್ಲ ಓದಿತು.

ಸಂವಿಧಾನದ 17ನೇ ವಿಧಿಯನ್ನು ಇಂಥ ತಾಲ್ಲೂಕುಗಳಲ್ಲಿ ಕಲಿಸುವಾಗ ನೆನಪಿಡಿ: ಒಂದು ಕಡೆಯವರ ಮಗನೂ ಇನ್ನೊಂದು ಕಡೆಯವರ ಮಗಳೂ ಅದೇ ತರಗತಿಯಲ್ಲಿ ಕೂತಿರಬಹುದು. ಕಣ್ಣು ಎಲ್ಲೋ ನೆಟ್ಟು, ಅಸ್ಪೃಶ್ಯತೆ ನಿರ್ಮೂಲನೆಯಾಗಿದೆ ಎಂದು ನೋಟ್ಸ್ ಬರೆಸಿ ಮುಂದೆ ಹೋಗುವುದು ಸುಲಭ. ಮರಕುಂಬಿಯ ತೀರ್ಪನ್ನೇ ಎದುರಿಗಿಟ್ಟುಕೊಂಡು ಸಾಕ್ಷಿ ಹೇಗೆ ನಿಲ್ಲುತ್ತದೆ, ಹತ್ತು ವರ್ಷ ಯಾಕೆ ಹಿಡಿಯಿತು, ಜಾಮೀನು ಎಂದರೆ ಖುಲಾಸೆ ಅಲ್ಲ ಯಾಕೆ ಎಂದು ವಿವರಿಸುವುದಕ್ಕೆ ತಯಾರಿ ಬೇಕು, ಎದೆಗಾರಿಕೆಯೂ ಬೇಕು. ಊರಲ್ಲಿ ಒಟ್ಟಿಗೆ ಚಹಾ ಕುಡಿಯದವರು ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಮೂರು ವರ್ಷ ಕೂರುತ್ತಾರೆ. ಈ ಅವಕಾಶ ಈ ಸೀಮೆಯಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಊಟದ ಹೊತ್ತಿಗೆ ರೊಟ್ಟಿ ಡಬ್ಬಿಗಳು ಯಾರ ಯಾರ ನಡುವೆ ಓಡಾಡುತ್ತವೆ ಎಂದು ಕಾರಿಡಾರಿನಲ್ಲಿ ನಿಂತು ನೋಡಿ, ನಿಮ್ಮ ಪಾಠ ಎಷ್ಟು ಇಳಿದಿದೆ ಎಂದು ತಿಳಿಯುತ್ತದೆ.

ಇಷ್ಟೆಲ್ಲ ಕಲಿಸುವವರು ಕೂರುವ ಕೋಣೆಯನ್ನೂ ನೋಡಬೇಕಲ್ಲ. ಒಂದೇ ಸ್ಟಾಫ್ ರೂಮಿನಲ್ಲಿ, ಒಂದೇ ಸಿಲೆಬಸ್ ಹೇಳುವ ಇಬ್ಬರು. ಕಾಯಂ ಆದವರಿಗೆ ಯುಜಿಸಿ ಲೆಕ್ಕದಲ್ಲಿ ವಾರಕ್ಕೆ 16 ತಾಸು ಬೋಧನೆ, ಆರಂಭದ ಮೂಲ ವೇತನ 57,700 ರೂಪಾಯಿ, ಅದರ ಮೇಲೆ ಭತ್ಯೆಗಳು. ಅತಿಥಿಗೆ 2022ರ ಆದೇಶದಂತೆ ವಾರಕ್ಕೆ 15 ತಾಸು, ಅರ್ಹತೆ ಮತ್ತು ಸೇವೆ ನೋಡಿ 26ರಿಂದ 32 ಸಾವಿರ ಎಂದಾಯಿತು. ಅದಕ್ಕೂ ಮೊದಲು 11 ಸಾವಿರ, 13 ಸಾವಿರಕ್ಕೆ ದುಡಿದವರು ನಾವು. ಗೌರವಧನ ಏರಿಸಿದ ಆದೇಶವೇ ತಾಸುಗಳನ್ನೂ ಏರಿಸಿತು. ಇಬ್ಬರ ಕೆಲಸ ಒಬ್ಬರ ಹೆಗಲಿಗೆ ಬಂದು, ಇನ್ನೊಬ್ಬರು ಮನೆಗೆ ಹೋದರು. 2023ರ ನವೆಂಬರ್‌ನಿಂದ ತರಗತಿ ಬಿಟ್ಟು ಮುಷ್ಕರ ಕೂತ ಮೇಲೆ ಸೇವಾವಧಿ ನೋಡಿ 5ರಿಂದ 8 ಸಾವಿರ ಹೆಚ್ಚಳ, 60 ವರ್ಷ ತುಂಬಿ ಹೊರಡುವವರಿಗೆ 5 ಲಕ್ಷದ ಇಡಿಗಂಟು ಎಂಬ ಭರವಸೆ ಬಂತು. ರಾಜ್ಯದ 430ರಷ್ಟು ಸರ್ಕಾರಿ ಪದವಿ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿಗಳ ಮೇಲೆ ನಿಂತಿವೆ. ರಜೆಯ ತಿಂಗಳಲ್ಲಿ ಮಾತ್ರ ಅತಿಥಿಗೆ ಮನೆ ನಡೆಸುವ ದಾರಿ ಅವರವರದೇ.

ಕಾನೂನು ಈ ವಿಷಯದಲ್ಲಿ ಎರಡು ಮಾತಾಡಿದೆ. ತಾತ್ಕಾಲಿಕ ನೌಕರರನ್ನು ಹಿಂಬಾಗಿಲಿನಿಂದ ಕಾಯಂ ಮಾಡಬಾರದು ಎಂಬ 2006ರ ಪ್ರಸಿದ್ಧ ತೀರ್ಪು ನಮ್ಮ ರಾಜ್ಯದ್ದೇ: ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣ. ಕಾಯಂ ಮಾತು ಎತ್ತಿದಾಗಲೆಲ್ಲ ಕಚೇರಿಗಳು ಅದನ್ನೇ ತೋರಿಸುತ್ತವೆ. ಆದರೆ 2016ರಲ್ಲಿ ಪಂಜಾಬಿನ ಜಗಜಿತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಮಾನ ಕೆಲಸಕ್ಕೆ ಸಮಾನ ವೇತನ ತಾತ್ಕಾಲಿಕ ನೌಕರರಿಗೂ ಅನ್ವಯ ಎಂದಿತು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಗುತ್ತಿಗೆ ಉಪನ್ಯಾಸಕರಿಗೆ ವೇತನ ಶ್ರೇಣಿಯ ಕನಿಷ್ಠ ಮೊತ್ತವಾದರೂ ಕೊಡಿ ಎಂದು ಹೇಳಿತು. ಕಾಯಂ ಮಾಡುವುದು ಬೇರೆ, ಸರಿಯಾದ ಕೂಲಿ ಕೊಡುವುದು ಬೇರೆ. ಮೊದಲನೆಯದು ಆಗದು ಎಂಬ ನೆಪದಲ್ಲಿ ಎರಡನೆಯದನ್ನೂ ತಡೆಹಿಡಿಯುವಂತಿಲ್ಲ.

ಕಾಯಂ ಆಗಿ ಬಂದ ಗೆಳೆಯರೇ, ಇದನ್ನು ನಿಮ್ಮ ಮೇಲಿನ ದೂರು ಎಂದು ಓದಬೇಡಿ. ನಿಮ್ಮ ಸಂಬಳ ನಿಮ್ಮ ಹಕ್ಕು. ನಾನು ಕೇಳುವುದು ಸಣ್ಣ ವಿಷಯಗಳು. ಟೈಂಟೇಬಲ್ ಹಾಕುವಾಗ ಸಂಜೆಯ ಕೊನೆಯ ತಾಸು, ಶನಿವಾರದ ತಾಸು ಅತಿಥಿಗೇ ಮೀಸಲು ಎಂಬ ಪದ್ಧತಿ ಮುರಿಯಿರಿ. ನ್ಯಾಕ್ ತಂಡ ಬರುವಾಗ ಫೈಲು ಬರೆಸಿಕೊಂಡು, ಫೋಟೊಗೆ ನಿಲ್ಲುವಾಗ ಅತಿಥಿಯನ್ನು ಮರೆಯಬೇಡಿ. ಅತಿಥಿಯಾಗಿ ಬಂದ ಗೆಳೆಯರೇ, ನಿಮಗೂ ಒಂದು ಮಾತು. ಇಷ್ಟು ಹಣಕ್ಕೆ ಇಷ್ಟೇ ಪಾಠ ಎಂದು ನಮ್ಮ ಸಿಟ್ಟನ್ನು ತರಗತಿಗೆ ಒಯ್ಯಬಾರದು. ನಮ್ಮ ಎದುರಿಗೆ ಕೂತವರು ನಮಗಿಂತ ಕಡಿಮೆ ಕೂಲಿಗೆ ದುಡಿದು ಬಂದಿದ್ದಾರೆ. ಅವರಿಗೆ ನಮ್ಮ ಹೋರಾಟದ ಕಾರಣ ವಿವರಿಸಿದರೆ ಅದೂ ಒಂದು ಪಾಠವಾದೀತು. ಮುಷ್ಕರದ ದಿನಗಳಲ್ಲಿ ತಪ್ಪಿದ ಪಾಠ ಮುಗಿಸಿಕೊಡುವುದು ಮಾತ್ರ ನಮ್ಮದೇ ಹೊಣೆ.

ಕೊನೆಯದಾಗಿ ವಿಶ್ವವಿದ್ಯಾಲಯದ ಮಾತು. ಒಂದು ಕಾಲಕ್ಕೆ ಗುಲಬರ್ಗಾ, ಆಮೇಲೆ ಬಳ್ಳಾರಿ ವಿಶ್ವವಿದ್ಯಾಲಯದ ಕೆಳಗಿದ್ದ ನಮ್ಮ ಕಾಲೇಜುಗಳಿಗೆ ಈಗ ತಳಕಲ್‌ನಲ್ಲಿ ಕೊಪ್ಪಳ ವಿಶ್ವವಿದ್ಯಾಲಯವಿದೆ. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿದಾಗ ಅದರ ಹೆಸರೂ ಕೇಳಿಬಂತು. ಒಂದೇ ಜಿಲ್ಲೆಗೆ ಒಂದು ವಿಶ್ವವಿದ್ಯಾಲಯ ಯಾಕೆ ಎಂದು ಕೇಳಿದವರಿಗೆ ನಾವು ಕೊಡಬಹುದಾದ ಸರಿಯಾದ ಉತ್ತರ ಇದು: ಒಂದೇ ಜಿಲ್ಲೆಯಾದ್ದರಿಂದ ಸೆಮಿಸ್ಟರಿನ ಕ್ಯಾಲೆಂಡರನ್ನು ಈ ಜಿಲ್ಲೆಯ ನಾಟಿ, ಕ್ರಾಸಿಂಗ್, ಕೊಯ್ಲಿಗೆ ಹೊಂದಿಸಲು ಸಾಧ್ಯ. ಕಲಬುರಗಿಯಿಂದಲೋ ಬಳ್ಳಾರಿಯಿಂದಲೋ ಅದು ಆಗುತ್ತಿರಲಿಲ್ಲ. ಗುಳೆ, ಬೀಜೋತ್ಪಾದನೆ, ಗುತ್ತಿಗೆ ಕಾರ್ಮಿಕರನ್ನು ಕುರಿತು ಅಧ್ಯಯನ ಮಾಡುವ ಒಂದು ವಿಭಾಗ ತೆರೆಯಲು ಇದಕ್ಕಿಂತ ತಕ್ಕ ಜಾಗ ರಾಜ್ಯದಲ್ಲಿ ಕಡಿಮೆ. ಕಟ್ಟಡಕ್ಕೆ ಹಣವಿಲ್ಲದಿದ್ದರೂ ಕ್ಯಾಲೆಂಡರ್ ಬದಲಿಸಲು ಹಣ ಬೇಕಿಲ್ಲ.

ಆದ್ದರಿಂದ ಈ ವರ್ಷದ ಮೊದಲ ಸಿಬ್ಬಂದಿ ಸಭೆಯಲ್ಲಿ ನಾಲ್ಕು ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ. ಹಂಗಾಮಿನ ವಾರಗಳಲ್ಲಿ ಮಧ್ಯಾಹ್ನದ ಮರುಪಾಠ. ಗೈರುಹಾಜರಾದವರ ಹೆಸರಿನ ಮುಂದೆ ಕಾರಣ ಬರೆಯಲು ಒಂದು ಕಾಲಂ, ಅದರ ವರದಿ ವಿಶ್ವವಿದ್ಯಾಲಯಕ್ಕೆ. ಸಂಬಳ ಚೀಟಿ, ಪಿಎಫ್, ಕಾರ್ಮಿಕ ಕಾರ್ಡಿನ ಅರ್ಜಿಗಳಿಗೆ ತಿಂಗಳಿಗೊಮ್ಮೆ ಕಾಲೇಜಿನಲ್ಲೇ ನೆರವಿನ ಮೇಜು. ಕೆಲಸ ಹಂಚುವಾಗ ಕಾಯಂ, ಅತಿಥಿ ಎಂಬ ಭೇದ ಇಲ್ಲ ಎಂಬ ನಿರ್ಣಯ. ಕೌನ್ಸೆಲಿಂಗ್ ಪಟ್ಟಿಯಲ್ಲಿ ಈ ಸಲವೂ ನನ್ನ ಹೆಸರು ಬಂದರೆ ಸಭೆಯಲ್ಲಿ ನಾನೂ ಕೈ ಎತ್ತುತ್ತೇನೆ. ಬರದಿದ್ದರೆ ನನ್ನ ತಾಸುಗಳ ಜೊತೆಗೆ ಈ ನಾಲ್ಕು ವಿಷಯಗಳನ್ನೂ ನೀವು ವಹಿಸಿಕೊಳ್ಳಬೇಕು.

ಇಂತಿ ನಿಮ್ಮ ಸಹೋದ್ಯೋಗಿ,
ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕ,
ಕೊಪ್ಪಳ ಜಿಲ್ಲೆ